ಟೀಚರ್ ವಯಸ್ಸು 45: ಆ ಒಂದು ಸಾಲಿನ ಲೆಕ್ಕ ಬಂದದ್ದೆಲ್ಲಿಂದ?

ಪ್ರಶ್ನೆ: 30 ಮಕ್ಕಳ ಸರಾಸರಿ ವಯಸ್ಸು 14. ಟೀಚರ್ ವಯಸ್ಸನ್ನೂ ಸೇರಿಸಿದರೆ ಸರಾಸರಿ 15 ಆಗುತ್ತದೆ. ಟೀಚರ್ ವಯಸ್ಸೆಷ್ಟು? ಗೈಡ್‌ನಲ್ಲಿ ‘15 + 30 = 45’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇದನ್ನು ಪರೀಕ್ಷೆಯಲ್ಲಿ ನಂಬಬಹುದಾ?

ನಂಬಬಹುದು. ಆದರೆ ಸುಮ್ನೆ ಬಾಯಿಪಾಠ ಮಾಡಬೇಡಿ. ಮೊದಲು ಬೀಜಗಣಿತದಲ್ಲಿ ನೋಡೋಣ. ಟೀಚರ್ ವಯಸ್ಸು ಎಕ್ಸ್ ಆಗಿರಲಿ. ಮಕ್ಕಳ ವಯಸ್ಸಿನ ಮೊತ್ತ 30 × 14 = 420. ಟೀಚರ್ ಸೇರಿದರೆ 31 ಜನ, ಮೊತ್ತ 31 × 15 = 465. ಅಂದರೆ 420 + ಎಕ್ಸ್ = 465. ಎಕ್ಸ್ = 45.

ಈಗ ವಯಸ್ಸು ಬಿಡಿ, ದುಡ್ಡು ಅಂದುಕೊಳ್ಳಿ. 30 ಮಕ್ಕಳ ಕೈಯಲ್ಲಿ ತಲಾ 14 ರೂಪಾಯಿ ಇದೆ. ಟೀಚರ್ ಬಂದು ಒಬ್ಬೊಬ್ಬರಿಗೂ ಒಂದೊಂದು ರೂಪಾಯಿ ಕೊಟ್ಟರು. ಎಲ್ಲರದ್ದೂ 15 ಆಯಿತು. ಕೊಟ್ಟ ಮೇಲೆ ಅವರ ಕೈಯಲ್ಲೂ 15 ಉಳಿಯಬೇಕು, ಅಲ್ವಾ? ಹಂಚಿದ್ದು 30, ಉಳಿದದ್ದು 15. ತಂದದ್ದು 45. ಗೈಡ್‌ನ ಆ ಸಾಲು ಹೇಳುವುದು ಇಷ್ಟನ್ನೇ.

ಒಬ್ಬರು ಹೋಗಿ ಇನ್ನೊಬ್ಬರು ಬರುವ ಲೆಕ್ಕ ಇನ್ನೂ ಸುಲಭ. 8 ಜನರಲ್ಲಿ 65 ಕೆ.ಜಿ. ತೂಕದವರು ಹೋಗಿ ಹೊಸಬರು ಬಂದರು, ಸರಾಸರಿ 2 ಕೆ.ಜಿ. ಏರಿತು. ಜನ ಜಾಸ್ತಿಯಾಗಿಲ್ಲ, ಮೊತ್ತ ಮಾತ್ರ 8 × 2 = 16 ಏರಿತು. ಹೊಸಬರ ತೂಕ 65 + 16 = 81.

ನನಗೆ ತುಂಬ ಇಷ್ಟವಾದ ಸರಾಸರಿ ಲೆಕ್ಕ ಕ್ರಿಕೆಟ್‌ನದ್ದು. 1948ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಡಾನ್ ಬ್ರಾಡ್‌ಮನ್ ಕೊನೆಯ ಟೆಸ್ಟ್ ಇನ್ನಿಂಗ್ಸ್‌ಗೆ ಇಳಿದಾಗ ಅವರ ಖಾತೆಯಲ್ಲಿ 6996 ರನ್ ಇತ್ತು. ಅಲ್ಲಿಯವರೆಗೆ ಔಟಾದದ್ದು 69 ಸಲ. ಔಟಿಗೆ 100ರಂತೆ ಹಿಡಿದರೆ 6900. ಅಂದರೆ 96 ರನ್ ಮೊದಲೇ ಜಾಸ್ತಿ ಇದೆ. 70ನೇ ಸಲ ಔಟಾದರೂ ಸರಾಸರಿ 100 ಉಳಿಯಲು ಇನ್ನು 4 ರನ್ ಸಾಕಿತ್ತು. ಆದರೆ ಇಂಗ್ಲೆಂಡಿನ ಬೌಲರ್ ಎರಿಕ್ ಹಾಲೀಸ್, ಬ್ರಾಡ್‌ಮನ್‌ರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. 6996 ÷ 70 = 99.94. ಆಡಿದ್ದು 80 ಇನ್ನಿಂಗ್ಸ್, ಅದರಲ್ಲಿ 10 ನಾಟೌಟ್. ಬ್ಯಾಟಿಂಗ್ ಸರಾಸರಿಗೆ ಔಟಾದ ಸಲವನ್ನಷ್ಟೇ ಎಣಿಸುತ್ತಾರೆ. ಯಾವುದರಿಂದ ಭಾಗಿಸಬೇಕು ಅಂತ ನೋಡದೆ 80 ಹಾಕಿದರೆ ಉತ್ತರ ಕೆಡುತ್ತದೆ.

ವೇಗದ ಲೆಕ್ಕದಲ್ಲೂ ಮಕ್ಕಳು ಎಡವುವುದು ಇಲ್ಲೇ. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40. ಸರಾಸರಿ 50 ಅಂತ ಬರೆದುಬಿಡುತ್ತಾರೆ. ದಾರಿ 120 ಕಿ.ಮೀ. ಅಂದುಕೊಳ್ಳಿ. ಹೋಗಲು 2 ಗಂಟೆ, ಬರಲು 3 ಗಂಟೆ. 240 ÷ 5 = 48. ಬೇಕಾದರೆ ಟೀಚರ್ ದುಡ್ಡು ಹಂಚಿದ ಹಾಗೆಯೇ ಸರಿತೂಗಿಸಿ ನೋಡಿ. 48ಕ್ಕಿಂತ 12 ಜಾಸ್ತಿ ಓಡಿದ್ದು 2 ಗಂಟೆ: 24. 8 ಕಡಿಮೆ ಓಡಿದ್ದು 3 ಗಂಟೆ: ಅದೂ 24.