ಸ್ಪೆಕಲ್ ಕಾಂಟ್ರಾಸ್ಟ್: ಚಿತ್ರ ಮಸುಕಾದಷ್ಟೂ ರಕ್ತದ ಓಟ ಜೋರು

ಚರ್ಮದ ಮೇಲೆ ಲೇಸರ್ ಬೆಳಕು ಬಿಟ್ಟು ಫೋಟೊ ತೆಗೆದರೆ ಮರಳು ಚೆಲ್ಲಿದ ಹಾಗೆ ಕಪ್ಪು-ಬಿಳಿ ಚುಕ್ಕಿಗಳು ಕಾಣುತ್ತವೆ. ಇವೇ ಸ್ಪೆಕಲ್. ಬೇರೆ ಬೇರೆ ದಾರಿಯಲ್ಲಿ ಚದುರಿ ಬಂದ ಬೆಳಕಿನ ಅಲೆಗಳು ಒಂದು ಕಡೆ ಕೂಡಿಕೊಳ್ಳುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅದರಿಂದ ಈ ಚುಕ್ಕಿಗಳು.

ಕೆಂಪು ರಕ್ತಕಣಗಳು ಓಡುತ್ತಿದ್ದರೆ ಚುಕ್ಕಿಗಳೂ ಬದಲಾಗುತ್ತಲೇ ಇರುತ್ತವೆ. ಎಕ್ಸ್‌ಪೋಷರ್, ಅಂದರೆ ಒಂದು ಫೋಟೊಗೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, ಸಾಮಾನ್ಯವಾಗಿ ಕೆಲವು ಮಿಲಿಸೆಕೆಂಡ್ ಇರುತ್ತದೆ. ಅಷ್ಟರಲ್ಲೇ ಚುಕ್ಕಿಗಳ ಹಲವು ವಿನ್ಯಾಸಗಳು ಒಂದರ ಮೇಲೊಂದು ಬಿದ್ದು ಆ ಜಾಗ ಮಸುಕಾಗುತ್ತದೆ. ಈ ಮಸುಕಿನಿಂದಲೇ ಹರಿವನ್ನು ನೋಡಬಹುದು ಎಂದು 1981ರಲ್ಲಿ ಸಂಶೋಧಕರಾದ ಫೆರ್ಚರ್ ಮತ್ತು ಬ್ರೈಯರ್ಸ್ ತೋರಿಸಿಕೊಟ್ಟರು. ಬಣ್ಣದ ದ್ರವ ಚುಚ್ಚಬೇಕಿಲ್ಲ, ದೇಹವನ್ನು ಮುಟ್ಟಲೂಬೇಕಿಲ್ಲ. ನನಗೆ ಇದು ಬಹಳ ಚೆಂದದ ಯೋಚನೆ ಅನಿಸುತ್ತದೆ.

ಲೆಕ್ಕ ಸುಲಭ. 7×7, ಅಂದರೆ 49 ಪಿಕ್ಸೆಲ್‌ಗಳ ಪುಟ್ಟ ಚೌಕ ತೆಗೆದುಕೊಳ್ಳಿ. ಅವುಗಳ ಬೆಳಕಿನ ಮಟ್ಟದ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಏರಿಳಿತವಿದೆ ಎಂಬ ಅಳತೆ) ಅನ್ನು ಸರಾಸರಿಯಿಂದ ಭಾಗಿಸಿ. ಬಂದದ್ದೇ ಕಾಂಟ್ರಾಸ್ಟ್, ಅಂದರೆ K. ಚೌಕವನ್ನು ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಹೋದರೆ ಇಡೀ ಚಿತ್ರದ ನಕ್ಷೆ ಸಿಗುತ್ತದೆ. ಏನೂ ಅಲುಗದಿದ್ದರೆ K ಹೆಚ್ಚೆಂದರೆ 1ರ ಹತ್ತಿರ ಇರುತ್ತದೆ. ಹರಿವು ಜೋರಾದಂತೆ 0 ಕಡೆಗೆ ಇಳಿಯುತ್ತದೆ.

ಎರಡು ಚೌಕಗಳಿವೆ, ಎರಡರಲ್ಲೂ ಸರಾಸರಿ 100 ಎಂದುಕೊಳ್ಳಿ. ಒಂದರಲ್ಲಿ ಡೀವಿಯೇಷನ್ 40, ಇನ್ನೊಂದರಲ್ಲಿ 20. ಬರಿಗಣ್ಣಿಗೆ ಬೆಳಕು ಒಂದೇ, ಅಲ್ವಾ? ಆದರೆ K ಮಾತ್ರ 0.4 ಮತ್ತು 0.2. ಹರಿವಿನ ಸೂಚ್ಯಂಕವಾಗಿ ಬಳಸುವ 1/K² ಲೆಕ್ಕ ಹಾಕಿದರೆ 6.25 ಮತ್ತು 25, ನಾಲ್ಕು ಪಟ್ಟು ವ್ಯತ್ಯಾಸ.

ಎಡವುವುದು ಅಳತೆಯ ತಯಾರಿಯಲ್ಲಿ. ಒಂದು ಚುಕ್ಕಿ ಕನಿಷ್ಠ ಎರಡು ಪಿಕ್ಸೆಲ್ ಅಗಲ ಇರಬೇಕು. ಇಲ್ಲದಿದ್ದರೆ ಒಂದೇ ಪಿಕ್ಸೆಲ್‌ನಲ್ಲಿ ಹಲವು ಚುಕ್ಕಿಗಳು ಬೆರೆತು, ಹರಿವೇ ಇಲ್ಲದ ಕಡೆಯೂ K ಕುಸಿಯುತ್ತದೆ. ಚುಕ್ಕಿ ದೊಡ್ಡದಾಗಬೇಕೆಂದರೆ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು ಮಾಡಬೇಕು. ಆಗ ಬೆಳಕು ಕಡಿಮೆಯಾಗಿ ಕ್ಯಾಮೆರಾದ ನಾಯ್ಸ್ (ಚಿತ್ರದಲ್ಲಿ ಸೇರಿಕೊಳ್ಳುವ ಬೇಡದ ಏರಿಳಿತ) ಕಾಟ ಕೊಡುತ್ತದೆ. ಚೌಕ ದೊಡ್ಡದಿದ್ದರೆ ಲೆಕ್ಕ ಸ್ಥಿರ, ಆದರೆ ಸಣ್ಣ ನಾಳಗಳು ಕಳೆದುಹೋಗುತ್ತವೆ. ಒಂದೇ ಪಿಕ್ಸೆಲ್‌ನ ಏರಿಳಿತವನ್ನು ಹಲವು ಫ್ರೇಮ್‌ಗಳಲ್ಲಿ ಅಳೆದರೆ ವಿವರ ಉಳಿಯುತ್ತದೆ, ಸಮಯ ಜಾಸ್ತಿ ಬೇಕು.

ಇನ್ನೊಂದು ತೊಡಕು, ತಲೆಬುರುಡೆಯಂಥ ಅಲುಗದ ಪದರ. ಅದರಿಂದ ಬಂದ ಬೆಳಕೂ ಸೇರಿಕೊಂಡರೆ K ಏರಿ, ಹರಿವು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಚಿತ್ರ ತೆಗೆದು ಇದನ್ನು ಸಾಕಷ್ಟು ಸರಿಪಡಿಸಬಹುದು. ಸುಮ್ನೆ ಒಂದು K ಇಟ್ಟುಕೊಂಡು ರಕ್ತ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಓಡುತ್ತಿದೆ ಎನ್ನಲು ಬರುವುದಿಲ್ಲ. ಅದೇ ಜಾಗದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹರಿವು ಏರಿತೋ ಇಳಿಯಿತೋ ಎಂದು ನೋಡಲು ಮಾತ್ರ ಈ ಅಳತೆ ತುಂಬಾ ಚೆನ್ನಾಗಿ ಒದಗುತ್ತದೆ.