ಓದುಗರ ಪ್ರಶ್ನೆ: ಟಾಮ್ರಿಯೆಲ್‌ನಲ್ಲಿ ದೇವರು ಎಂಟೋ, ಒಂಬತ್ತೋ?

ಪ್ರಶ್ನೆ: ಸ್ಕೈರಿಮ್ ಆಡುವಾಗ ಕೆಲವರು ‘ಎಂಟು ದೇವರು’ ಅನ್ನುತ್ತಾರೆ, ಕೆಲವರು ‘ಒಂಬತ್ತು ದೇವರು’ ಅನ್ನುತ್ತಾರೆ. ಟಾಲೋಸ್ ನಿಜವಾಗಿಯೂ ದೇವರಾ? ಅವನ ಪೂಜೆಗೆ ಯಾಕೆ ನಿಷೇಧ? ಎಲ್ಫ್‌ಗಳಿಗೆ ಅವನ ಮೇಲೆ ಅಷ್ಟು ಸಿಟ್ಟು ಯಾಕೆ?

ಉತ್ತರ: ಸ್ಕೈರಿಮ್ ಸೇರಿದ ಎಲ್ಡರ್ ಸ್ಕ್ರಾಲ್ಸ್ ವಿಡಿಯೊ ಗೇಮ್ ಸರಣಿಗೆ ಹೊಸದಾಗಿ ಬಂದ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು. ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಎಂಟು ದೇವರ ಬಗ್ಗೆ ಸಾಮ್ರಾಜ್ಯದ ಧರ್ಮದಲ್ಲಿ ತಕರಾರಿಲ್ಲ: ಅಕಾಟೋಷ್, ಆರ್ಕೇ, ಡಿಬೆಲ್ಲಾ, ಜೂಲಿಯಾನೋಸ್, ಕೈನರೆತ್, ಮಾರಾ, ಸ್ಟೆಂಡಾರ್, ಜೆನಿಥಾರ್. ಒಂಬತ್ತನೆಯವನು ಟಾಲೋಸ್. ಇವನು ಮನುಷ್ಯನಾಗಿ ಹುಟ್ಟಿ, ಟೈಬರ್ ಸೆಪ್ಟಿಮ್ ಎಂಬ ಹೆಸರಲ್ಲಿ ಇಡೀ ಟಾಮ್ರಿಯೆಲ್ ಖಂಡವನ್ನು ಗೆದ್ದು, ಸತ್ತ ಮೇಲೆ ದೇವರಾದವನು. ಥಾಲ್ಮೋರ್ ಎಂಬ ಎಲ್ಫ್ ಆಡಳಿತದ ಜೊತೆ ಯುದ್ಧ ಮಾಡಿ ಹೈರಾಣಾದ ಸಾಮ್ರಾಜ್ಯ ನಾಲ್ಕನೇ ಯುಗದ 175ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಟಾಲೋಸ್ ಪೂಜೆ ನಿಲ್ಲಬೇಕು ಅನ್ನುವುದು ಅದರ ಒಂದು ಷರತ್ತು. ಅಂದಿನಿಂದ ಕಾನೂನಿನ ಲೆಕ್ಕದಲ್ಲಿ ದೇವರು ಎಂಟು, ಉತ್ತರದ ಸ್ಕೈರಿಮ್ ನಾಡಿನ ನಾರ್ಡ್ ಜನರ ಲೆಕ್ಕದಲ್ಲಿ ಒಂಬತ್ತು.

ಆದರೆ ಎಲ್ಫ್‌ಗಳಿಗೆ ಸಿಟ್ಟು ಯಾಕೆ ಅನ್ನುವುದಕ್ಕೆ ಇದು ಉತ್ತರವಾಗಲ್ಲ. ಅದಕ್ಕೆ ಟಾಲೋಸ್ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಕಥೆಗೆ, ಜಗತ್ತು ಹುಟ್ಟಿದ ಕಥೆಗೇ ಹೋಗಬೇಕು.

ಈ ಲೋಕದ ಜನಾಂಗಗಳ ಪುರಾಣಗಳಲ್ಲಿ ಒಬ್ಬನು ಮತ್ತೆ ಮತ್ತೆ ಬರುತ್ತಾನೆ. ಎಲ್ಫ್‌ಗಳು ಅವನನ್ನು ಲೋರ್ಖಾನ್ ಅನ್ನುತ್ತಾರೆ. ನಾರ್ಡ್‌ಗಳಿಗೆ ಅವನು ಶೋರ್, ಸಾಮ್ರಾಜ್ಯದ ನಡುನಾಡಾದ ಸಿರೊಡಿಲ್‌ನವರಿಗೆ ಶೆಜಾರ್, ರೆಡ್‌ಗಾರ್ಡ್ ಎಂಬ ಇನ್ನೊಂದು ಮನುಷ್ಯ ಜನಾಂಗಕ್ಕೆ ಸೆಪ್. ಸಾವೇ ಇಲ್ಲದ ಆತ್ಮಗಳನ್ನೆಲ್ಲ ಸೇರಿಸಿ, ಒಂದು ಹೊಸ ಲೋಕ ಕಟ್ಟೋಣ ಬನ್ನಿ ಅಂತ ಒಪ್ಪಿಸಿದವನು ಇವನು. ಒಪ್ಪಿ ಬಂದವರು ತಮ್ಮ ಶಕ್ತಿಯನ್ನು ಆ ಲೋಕಕ್ಕೆ ಸುರಿದರು. ಅವರೇ ಏಡ್ರಾ. ದೂರ ಉಳಿದವರು ಡೇಡ್ರಾ. ನಕ್ಷೆ ಹಾಕಿದ ಮ್ಯಾಗ್ನಸ್‌ಗೆ ಇದರ ಬೆಲೆ ಎಷ್ಟು ಅಂತ ಅರ್ಧದಲ್ಲೇ ಗೊತ್ತಾಯಿತು. ಅವನು ಆಕಾಶ ಹರಿದುಕೊಂಡು ಓಡಿಹೋದ. ಆ ತೂತೇ ಇವತ್ತಿನ ಸೂರ್ಯ. ಉಳಿದವರು ಸೊರಗಿದರು. ಕೆಲವರು ಸತ್ತರು, ಕೆಲವರು ಮಕ್ಕಳನ್ನು ಹೆತ್ತು ಆ ಮೂಲಕ ಉಳಿದರು. ಕೊನೆಗೆ ದೇವರುಗಳು ಲೋರ್ಖಾನ್‌ನ ಮೇಲೆ ತಿರುಗಿಬಿದ್ದು ಅವನ ಎದೆಯಿಂದ ಹೃದಯ ಕಿತ್ತರು. ಅದನ್ನು ನಾಶ ಮಾಡಲು ಆಗಲಿಲ್ಲ. ದೂರಕ್ಕೆ ಎಸೆದರು. ಅದು ಬಿದ್ದ ಜಾಗ ಮೊರೋವಿಂಡ್ ಎಂಬ ನಾಡಿನ ಕೆಂಪು ಪರ್ವತ.

ಕಥೆಯ ಎಳೆ ಎಲ್ಲರಲ್ಲೂ ಹೆಚ್ಚುಕಮ್ಮಿ ಒಂದೇ. ತೀರ್ಪು ಮಾತ್ರ ಬೇರೆ. ಮನುಷ್ಯರು ಹೇಳುವುದು: ಶೋರ್ ಜೀವ ಕೊಟ್ಟಿದ್ದಕ್ಕೆ ನಾವು ಇದ್ದೇವೆ, ಈ ಲೋಕ ಅವನ ಕೊಡುಗೆ. ಆಲ್ಟ್‌ಮರ್ ಅಂದರೆ ಎತ್ತರದ ಎಲ್ಫ್‌ಗಳು ಹೇಳುವುದು: ನಮ್ಮ ಪೂರ್ವಿಕರು ಸಾವಿಲ್ಲದವರಾಗಿದ್ದರು, ಲೋರ್ಖಾನ್ ಮೋಸ ಮಾಡಿ ಅವರನ್ನು ಈ ಸಾಯುವ ಮೈಯೊಳಗೆ ಸಿಕ್ಕಿಸಿದ. ಒಬ್ಬರ ತ್ಯಾಗಿ ಇನ್ನೊಬ್ಬರ ವಂಚಕ. ಟಾಮ್ರಿಯೆಲ್‌ನ ಧರ್ಮದ ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರು. ಇದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಇನ್ನು ಎಂಟು ದೇವರ ಪಟ್ಟಿಗೆ ಬರೋಣ. ಬಹಳ ಜನ ಅಂದುಕೊಂಡಿರುವುದು ಎಂಟು ಅನ್ನುವುದು ಮೂಲ, ಪವಿತ್ರ, ಬದಲಾಗದ ಸಂಖ್ಯೆ; ಒಂಬತ್ತನೆಯದು ಆಮೇಲೆ ಅಂಟಿಸಿದ್ದು ಅಂತ. ನನ್ನ ಪ್ರಕಾರ ದೊಡ್ಡ ತಪ್ಪು ತಿಳುವಳಿಕೆ ಇದೇ. ಎಂಟೂ ಒಂದು ರಾಜಿ ಪಂಚಾಯಿತಿಯ ಫಲ.

ಮೊದಲ ಯುಗದ ಆರಂಭದಲ್ಲಿ ಸಿರೊಡಿಲ್ ಐಲೈಡ್ ಎಂಬ ಎಲ್ಫ್‌ಗಳ ಕೈಯಲ್ಲಿತ್ತು. ಮನುಷ್ಯರು ಅಲ್ಲಿ ಗುಲಾಮರು. ಅಲೆಸ್ಸಿಯಾ ಎಂಬ ಗುಲಾಮ ಹೆಂಗಸು ಬಂಡಾಯವೆದ್ದು, ಉತ್ತರದ ನಾರ್ಡ್‌ಗಳ ನೆರವು ಪಡೆದು, 243ರ ಹೊತ್ತಿಗೆ ಐಲೈಡ್‌ಗಳ ರಾಜಧಾನಿಯ ಬಿಳಿ-ಬಂಗಾರದ ಗೋಪುರವನ್ನು ವಶಪಡಿಸಿಕೊಂಡಳು. ಗೆದ್ದ ಮೇಲೆ ತಲೆನೋವು ಶುರುವಾಯಿತು. ತಲೆಮಾರುಗಳಿಂದ ಎಲ್ಫ್‌ಗಳ ಮನೆಯಲ್ಲಿ ದುಡಿದ ಅವಳ ಜನ ಎಲ್ಫ್‌ಗಳ ದೇವರಿಗೇ ಕೈಮುಗಿಯಲು ಕಲಿತಿದ್ದರು. ಜೊತೆಗೆ ನಿಂತು ಹೋರಾಡಿದ ನಾರ್ಡ್‌ಗಳಿಗೆ ಆ ದೇವರುಗಳ ಹೆಸರು ಕೇಳಿದರೇ ಆಗದು. ಯಾರನ್ನು ಬಿಟ್ಟರೂ ರಾಜ್ಯ ಒಡೆಯುತ್ತದೆ.

ಅಲೆಸ್ಸಿಯಾ ಎರಡನ್ನೂ ಬೆರೆಸಿದಳು. ಸೊಸೆ ತವರಿನ ದೇವರನ್ನು ತಂದು ಗಂಡನ ಮನೆಯ ದೇವರ ಗೂಡಿನಲ್ಲೇ ಕೂರಿಸಿದ ಹಾಗೆ. ಎಲ್ಫ್‌ಗಳ ಔರಿ-ಎಲ್ ಅಕಾಟೋಷ್ ಆದ. ನಾರ್ಡ್‌ಗಳ ಕೈನೆ ಕೈನರೆತ್ ಆದಳು. ಸ್ಟುನ್ ಸ್ಟೆಂಡಾರ್ ಆದ, ಯುನಾಲ್ ಜೂಲಿಯಾನೋಸ್ ಆದ. ಮಾರಾ ಎರಡೂ ಕಡೆ ಇದ್ದಳು, ಅವಳಿಗೆ ತೊಂದರೆ ಆಗಲಿಲ್ಲ. ಕಷ್ಟವಾಗಿದ್ದು ಶೆಜಾರ್‌ನ ವಿಷಯದಲ್ಲಿ. ನಾರ್ಡ್‌ಗಳಿಗೆ ಅವನು ಎಲ್ಫ್‌ಗಳ ವಿರುದ್ಧ ಕತ್ತಿ ಹಿಡಿದ ಸೇನಾಪತಿ. ಹಾಗೇ ಇಟ್ಟುಕೊಂಡರೆ ತನ್ನ ಪ್ರಜೆಗಳಿಗೇ ನೋವು. ತೆಗೆದುಹಾಕಿದರೆ ನಾರ್ಡ್‌ಗಳು ಬಿಡಲ್ಲ. ಕೊನೆಗೆ ಅವನ ಕತ್ತಿ ಇಳಿಸಿ, ಮನುಷ್ಯರ ಎಲ್ಲ ಸಾಹಸಗಳ ಹಿಂದೆ ಇರುವ ಚೈತನ್ಯ ಅಂತ ಮೆತ್ತಗೆ ಮಾಡಿ, ಎಂಟರ ಪಟ್ಟಿಯ ಹೊರಗೆ ಗೌರವದಿಂದ ಕೂರಿಸಿದರು. ಇಷ್ಟನ್ನೂ ಆಟದೊಳಗಿನ ಒಂದು ಪುಟ್ಟ ಪುಸ್ತಕವೇ ಹೇಳುತ್ತದೆ. ಕಪಾಟಿನಲ್ಲಿ ಕಂಡರೆ ಸುಮ್ನೆ ದಾಟಿಹೋಗಬೇಡಿ.

ಈ ರಾಜಿ ಎಲ್ಲರಿಗೂ ಹಿಡಿಸಲಿಲ್ಲ. ಮುಂದಿನ ಶತಮಾನದಲ್ಲೇ ಮಾರುಖ್ ಎಂಬ ಪ್ರವಾದಿಯ ಹೆಸರಲ್ಲಿ ಅಲೆಸ್ಸಿಯನ್ ಪಂಥ ಬೆಳೆಯಿತು. ಎಲ್ಫ್ ವಾಸನೆ ಇರುವುದೆಲ್ಲ ಹೋಗಬೇಕು ಅನ್ನುವುದು ಅವರ ಹಟ. ಅದರೊಳಗಿನ ಒಂದು ಗುಂಪು ಅಕಾಟೋಷ್‌ನಿಂದ ಔರಿ-ಎಲ್‌ನ ಅಂಶವನ್ನೇ ಬೇರ್ಪಡಿಸಲು ಕೈಹಾಕಿತು. ಅಕಾಟೋಷ್ ಕಾಲದ ದೇವರು. ಅವನನ್ನು ಸೀಳಲು ಹೋದರೆ ಏನಾಗುತ್ತದೆ? ಕಾಲವೇ ಮುರಿಯಿತು. 1008 ವರ್ಷ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಇಲ್ಲದ ಸ್ಥಿತಿ. ಧರ್ಮವನ್ನು ಶುದ್ಧ ಮಾಡುತ್ತೇವೆ ಅಂತ ಹೊರಟವರ ಬಗ್ಗೆ ಇಷ್ಟು ಭಯಂಕರವಾದ ಕಥೆಯನ್ನು ನಾನು ಬೇರೆ ಯಾವ ಕಲ್ಪಿತ ಲೋಕದಲ್ಲೂ ಕಂಡಿಲ್ಲ.

ಹಳೆಯ ನಾರ್ಡ್ ಪಂಥ ಪೂರ್ತಿ ಸತ್ತಿಲ್ಲ. ಸ್ಕೈರಿಮ್‌ನ ಬೆಟ್ಟದಲ್ಲಿ ಫ್ರೋಕಿ ಎಂಬ ಮುದುಕ ಬೇಟೆಗಾರ ಸಿಗುತ್ತಾನೆ. ಅವನಿಗೆ ಇಂದಿಗೂ ಕೈನೆಯೇ ದೇವಿ. ಸಾಮ್ರಾಜ್ಯದ ಕೈನರೆತ್ ಅವಳ ಮಾಸಿದ ನೆರಳು ಅಷ್ಟೇ ಅನ್ನುತ್ತಾನೆ. ಅವನು ಒಡ್ಡುವ ಬೇಟೆಯ ಪರೀಕ್ಷೆಗಳನ್ನು ಮಾಡಿದವರಿಗೆ ಗೊತ್ತು, ಅದು ಬೇರೆಯೇ ಭಕ್ತಿ. ಮುಖ್ಯ ಕಥೆಯ ಕೊನೆಯಲ್ಲಿ ನೀವು ಕಾಲಿಡುವ ಸೋವ್ನ್‌ಗಾರ್ಡ್, ಅಂದರೆ ನಾರ್ಡ್ ವೀರರು ಸತ್ತ ಮೇಲೆ ಸೇರುವ ಲೋಕ ಕೂಡ ಹಳೆಯ ಪಂಥದ್ದೇ. ಅಲ್ಲಿ ಸೇತುವೆ ಕಾಯುವವನು ತ್ಸುನ್. ಸಾಮ್ರಾಜ್ಯದ ಎಂಟರ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ಈಗ ಟಾಲೋಸ್. ಟೈಬರ್ ಸೆಪ್ಟಿಮ್ ಎರಡನೇ ಯುಗದ 896ರಲ್ಲಿ ಖಂಡವನ್ನು ಒಂದು ಮಾಡಿ ಮೂರನೇ ಯುಗ ಅಂತ ಘೋಷಿಸಿದ. ಅವನ ಕೊನೆಯ ದೊಡ್ಡ ಗೆಲುವು ಆಲ್ಟ್‌ಮರ್ ನಾಡಿನ ಮೇಲೆ. ನ್ಯುಮಿಡಿಯಮ್ ಎಂಬ ಬೆಟ್ಟದಂಥ ಹಿತ್ತಾಳೆ ಯಂತ್ರವನ್ನು ನುಗ್ಗಿಸಿ ಆ ನಾಡನ್ನು ಮಣಿಸಿದ. ಮೂರನೇ ಯುಗದ 38ರಲ್ಲಿ ಸತ್ತ. ಆಮೇಲೆ ಅವನ ಗುಡಿಗಳು ಎದ್ದವು. ಈಗ ಆಲ್ಟ್‌ಮರ್ ಕಣ್ಣಿನಿಂದ ನೋಡಿ. ದೇವರು ಅಂದರೆ ಅವರಿಗೆ ಪೂರ್ವಿಕರು, ತಾವು ಅವರ ವಂಶ. ಮನುಷ್ಯನೊಬ್ಬ, ಅದೂ ತಮ್ಮ ನಾಡನ್ನು ತುಳಿದವನು, ಆ ಪೂರ್ವಿಕರ ಸಾಲಿನಲ್ಲಿ ಕೂತಿದ್ದಾನೆ. ಜೊತೆಗೆ ಅವನು ಮನುಷ್ಯರನ್ನು ಕಾಯುವ ಯೋಧ ದೇವರು. ಅಲೆಸ್ಸಿಯಾ ಕತ್ತಿ ಇಳಿಸಿ ಪಕ್ಕಕ್ಕೆ ಕೂರಿಸಿದ್ದ ಶೆಜಾರ್‌ನ ಜಾಗಕ್ಕೇ ಬಂದು ಕೂತ ಹಾಗಾಯಿತು. ಹೊಟ್ಟೆ ಉರಿಯದೆ ಇರುತ್ತಾ?

ಹಾಗಾದರೆ ಅವನು ದೇವರು ಹೌದೋ ಅಲ್ಲವೋ? ಆಟಗಳು ಕೊಡುವ ಸಾಕ್ಷಿ ನೋಡೋಣ. 1996ರ ಡ್ಯಾಗರ್‌ಫಾಲ್‌ನಲ್ಲಿ ಈ ಎಂಟು ದೇವರ ದೇವಾಲಯಗಳಿವೆ, ಟಾಲೋಸ್‌ನದಿಲ್ಲ. 2002ರ ಮೊರೋವಿಂಡ್‌ನಲ್ಲಿ ಘೋಸ್ಟ್‌ಗೇಟ್ ಕೋಟೆಯಲ್ಲಿ ವುಲ್ಫ್ ಎಂಬ ಹಳೇ ಸಿಪಾಯಿ ಸಿಕ್ಕಿ, ಅದೃಷ್ಟದ ನಾಣ್ಯ ಅಂತ ಒಂದು ಕೈಗಿಡುತ್ತಾನೆ. ಆಮೇಲೆ ಹೋಗಿ ಸಾಮ್ರಾಜ್ಯದ ಪೂಜಾರಿಣಿಯನ್ನು ಕೇಳಿದರೆ, ನೀನು ಕಂಡಿದ್ದು ಟೈಬರ್ ಸೆಪ್ಟಿಮ್‌ನನ್ನೇ ಅನ್ನುತ್ತಾಳೆ. ಇದನ್ನು ನಂಬಿಕೆ ಅಂತ ತಳ್ಳಿಹಾಕಬಹುದು. ಆದರೆ 2006ರ ಒಬ್ಲಿವಿಯನ್‌ನಲ್ಲಿ ನಡೆಯುವುದನ್ನು ಹಾಗೆ ತಳ್ಳಲು ಆಗಲ್ಲ. ಶತ್ರುವಿನ ಮಾಯಾಲೋಕಕ್ಕೆ ಬಾಗಿಲು ತೆರೆಯುವ ಮಂತ್ರಕ್ಕೆ ದೇವರೊಬ್ಬನ ರಕ್ತ ಬೇಕು. ಸಿಂಹಾಸನದ ವಾರಸುದಾರ ಮಾರ್ಟಿನ್ ಅದಕ್ಕೆ ಬಳಸುವುದು ಟೈಬರ್ ಸೆಪ್ಟಿಮ್‌ನ ಕವಚದ ಮೇಲೆ ಒಣಗಿದ ರಕ್ತ. ಬಾಗಿಲು ತೆರೆಯಿತು. ಯಾರ ನಂಬಿಕೆಯನ್ನೂ ಕೇಳದೆ ಮಂತ್ರ ಕೆಲಸ ಮಾಡಿತು ಅಂದಮೇಲೆ ನನ್ನ ಮಟ್ಟಿಗೆ ವಾದ ಮುಗಿಯಿತು. 2011ರ ಸ್ಕೈರಿಮ್‌ನಲ್ಲೂ ಟಾಲೋಸ್ ಗದ್ದುಗೆಯ ಮುಂದೆ ಪ್ರಾರ್ಥಿಸಿ ನೋಡಿ. ಮಂತ್ರಶಕ್ತಿಯಿರುವ ಎರಡು ಕೂಗುಗಳ ನಡುವೆ ಕಾಯುವ ಸಮಯ ಶೇ 20ರಷ್ಟು ಇಳಿಯುತ್ತದೆ.

ಅವನು ಹೇಗೆ ದೇವರಾದ ಅನ್ನುವುದು ಮಾತ್ರ ಬೇರೆ ಪ್ರಶ್ನೆ. ಒಂದು ಪಾಷಂಡ ಪುಸ್ತಕದ ಪ್ರಕಾರ ಅವನು ನಾರ್ಡನೇ ಅಲ್ಲ, ಹೈರಾಕ್ ಎಂಬ ಬೇರೆ ನಾಡಿನಲ್ಲಿ ಹುಟ್ಟಿದವನು. ಟಾಲೋಸ್ ಕಥೆಯ ಹಿಂದೆ ಒಬ್ಬನಲ್ಲ, ಹಲವರಿದ್ದಾರೆ. ಆಟಗಳು ಇದನ್ನು ಬಗೆಹರಿಸಿಲ್ಲ, ಬಗೆಹರಿಸದೆ ಇದ್ದರೇ ಚೆನ್ನ.

ನಿಷೇಧ ಊರಿಂದೂರಿಗೆ ಬೇರೆ ಬೇರೆ ಥರ ಕಾಣುತ್ತದೆ. ಸಾಲಿಟ್ಯೂಡ್‌ನ ದೊಡ್ಡ ದೇವಾಲಯದಲ್ಲಿ ಎಂಟು ಗದ್ದುಗೆಗಳಿವೆ, ಒಂಬತ್ತನೆಯ ಗೂಡು ಖಾಲಿ. ವಿಂಡ್‌ಹೆಲ್ಮ್‌ನಲ್ಲಿ ಟಾಲೋಸ್ ಗುಡಿ ರಾಜಾರೋಷವಾಗಿ ತೆರೆದಿದೆ. ವೈಟ್‌ರನ್‌ನಲ್ಲಿ ಅವನ ವಿಗ್ರಹದ ಮುಂದೆ ಹೈಮ್‌ಸ್ಕರ್ ದಿನವಿಡೀ ಗಂಟಲು ಹರಿದುಕೊಂಡು ಪ್ರವಚನ ಮಾಡಿದರೂ ಕಾವಲುಗಾರರು ಕಂಡೂ ಕಾಣದ ಹಾಗೆ ಇರುತ್ತಾರೆ. ಮಾರ್ಕಾರ್ತ್‌ನಲ್ಲಿ ಮಾತ್ರ ಥಾಲ್ಮೋರ್ ಅಧಿಕಾರಿ ಒಂಡೊಲೆಮಾರ್ ನಿಮ್ಮ ಕೈಯಲ್ಲೇ ಪತ್ತೇದಾರಿ ಮಾಡಿಸುತ್ತಾನೆ. ಓಗ್ಮುಂಡ್ ಎಂಬ ವಯಸ್ಸಾದ ಹಾಡುಗಾರನ ಮನೆಗೆ ನುಗ್ಗಿ ಟಾಲೋಸ್ ತಾಯಿತ ಹುಡುಕಿ ತಂದುಕೊಡು ಅನ್ನುತ್ತಾನೆ. ಆ ಕೆಲಸ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊಟ್ಟರೆ ಮುದುಕನಿಗೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಮೊದಮೊದಲು ಕಾನೂನು ಹೆಸರಿಗಷ್ಟೇ ಇತ್ತು, ಜನ ಮನೆಯೊಳಗೆ ಪೂಜೆ ಮಾಡಿಕೊಂಡಿದ್ದರು. 176ರಲ್ಲಿ ಉಲ್ಫ್ರಿಕ್ ಎಂಬ ನಾರ್ಡ್ ನಾಯಕ ಮಾರ್ಕಾರ್ತ್ ನಗರವನ್ನು ಬಂಡುಕೋರರಿಂದ ಬಿಡಿಸಿಕೊಟ್ಟು, ಬದಲಿಗೆ ಟಾಲೋಸ್ ಪೂಜೆಗೆ ಬಹಿರಂಗ ಅನುಮತಿ ಕೇಳಿ ಪಡೆದ. ಸುದ್ದಿ ತಿಳಿದ ಥಾಲ್ಮೋರ್ ಒಪ್ಪಂದ ಪಾಲಿಸಿ ಅಂತ ಪಟ್ಟು ಹಿಡಿಯಿತು. ಉಲ್ಫ್ರಿಕ್ ಜೈಲಿಗೆ ಹೋದ. ಮುಂದೆ ಅವನು ಸಾಮ್ರಾಜ್ಯದ ವಿರುದ್ಧ ಎಬ್ಬಿಸಿದ ಸ್ಕೈರಿಮ್‌ನ ಅಂತರ್ಯುದ್ಧದ ಬೇರು ಇಲ್ಲಿದೆ. ಥಾಲ್ಮೋರ್ ರಾಯಭಾರ ಕಚೇರಿಗೆ ಕದ್ದು ನುಗ್ಗಿದಾಗ ಉಲ್ಫ್ರಿಕ್ ಬಗೆಗಿನ ಕಡತ ಸಿಗುತ್ತದಲ್ಲ, ಅದನ್ನು ತಪ್ಪದೆ ಓದಿ. ಯಾವ ಪಕ್ಷವೂ ಪೂರ್ತಿ ಗೆಲ್ಲುವುದು ಅವರಿಗೆ ಬೇಡ, ಜಗಳ ನಡೆಯುತ್ತಲೇ ಇರಬೇಕು. ಎಲ್ಫ್‌ಗಳ ಸಿಟ್ಟು ನಿಜ. ಆ ಸಿಟ್ಟನ್ನು ರಾಜಕೀಯದ ಆಯುಧ ಮಾಡಿಕೊಂಡಿದ್ದೂ ಅಷ್ಟೇ ನಿಜ.

ಸಾಮ್ರಾಜ್ಯದ ಆಚೆಗಿನ ಶಾಖೆಗಳ ಬಗ್ಗೆ ಎರಡು ಮಾತು. ಹುಟ್ಟಿ ಸಾಯುವ ಜೀವಿ ದೇವರಾಗುವುದು ಯಾವ ಎಲ್ಫ್‌ಗಳಿಗೂ ಒಪ್ಪಿಗೆಯೇ ಇಲ್ಲ ಅಂದುಕೊಳ್ಳಬೇಡಿ. ಮೊರೋವಿಂಡ್‌ನ ಡನ್‌ಮರ್ ಎಲ್ಫ್‌ಗಳು ಅಲ್ಮಲೆಕ್ಸಿಯಾ, ಸೋಥಾ ಸಿಲ್, ವಿವೆಕ್ ಎಂಬ ತಮ್ಮದೇ ಮೂವರನ್ನು ಸಾವಿರಾರು ವರ್ಷ ಪೂಜಿಸಿದರು. ಆ ಮೂವರೂ ಹುಟ್ಟಾ ದೇವರಲ್ಲ. ಕೆಂಪು ಪರ್ವತದಲ್ಲಿ ಬಿದ್ದಿದ್ದ ಲೋರ್ಖಾನ್‌ನ ಹೃದಯದಿಂದ ಕದ್ದ ಶಕ್ತಿ ಅವರದು. ಅವರ ದೇವಸ್ಥಾನದೊಳಗೇ ಇದನ್ನು ಬಯಲು ಮಾಡಿದ ಭಿನ್ನಮತದ ಪೂಜಾರಿಗಳಿದ್ದರು, ಅವರನ್ನು ಬೇಟೆಯಾಡಲಾಯಿತು. ಮೂವರೂ ಬಿದ್ದ ಮೇಲೆ ಡನ್‌ಮರ್ ಜನ ಅಜುರಾ, ಬೋಯೆಥಿಯಾ, ಮೆಫಾಲಾ ಎಂಬ ಹಳೆಯ ಡೇಡ್ರಾಗಳಿಗೆ ಮರಳಿದರು. ಇನ್ನು ರೆಡ್‌ಗಾರ್ಡ್‌ಗಳಲ್ಲಿ ಎರಡು ಬಣ. ಕ್ರೌನ್ಸ್ ಬಣ ತಮ್ಮ ಮುಳುಗಿದ ತಾಯ್ನಾಡಿನ ದೇವರುಗಳನ್ನು ಬಿಡಲ್ಲ, ಫೋರ್‌ಬೇರ್ಸ್ ಬಣ ಸಾಮ್ರಾಜ್ಯದ ರೀತಿಗಳಿಗೆ ಹತ್ತಿರ.

ನೀವು ನೇರವಾಗಿ ಕೇಳದಿದ್ದರೂ ಈ ಪ್ರಶ್ನೆಯ ಹಿಂದೆ ಇನ್ನೊಂದು ಇದ್ದೇ ಇರುತ್ತದೆ: ಟಾಲೋಸ್‌ಗಾಗಿ ಉಲ್ಫ್ರಿಕ್ ಪಕ್ಷ ಸೇರಬೇಕಾ? ಟಾಲೋಸ್ ದೇವರು ಅಂತ ನಂಬಿದರೂ ಸೇರಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಟಾಲೋಸ್ ಕಟ್ಟಿದ್ದೇ ಆ ಸಾಮ್ರಾಜ್ಯವನ್ನು. ಅದನ್ನು ಒಡೆದರೆ ಲಾಭ ಥಾಲ್ಮೋರ್‌ಗೆ. ಸಾಮ್ರಾಜ್ಯದ ಪರ ನಿಂತು ತಾಯಿತವನ್ನು ಅಂಗಿಯೊಳಗೆ ಹಾಕಿಕೊಂಡ ನಾರ್ಡ್ ಸಿಪಾಯಿಯ ಪಾತ್ರ ಆಡಿ ನೋಡಿ. ಆಟದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ.