ಅಲಿಬಿ ಸಾಕ್ಷಿ: ಬೇಗ ಬಂದರೆ ಠಾಣೆ, ತಡವಾದರೆ ಅನುಮಾನ

ಕೊಲೆ ನಡೆದ ಹೊತ್ತಿನಲ್ಲಿ ಆರೋಪಿ ಅಲ್ಲಿರಲಿಲ್ಲ, ನನ್ನ ಜೊತೆಯಲ್ಲಿದ್ದ ಎಂದು ಹೇಳಲು ಮುಂದೆ ಬರುವವರನ್ನು ಅಲಿಬಿ ಸಾಕ್ಷಿ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಪದಕ್ಕೆ ‘ಬೇರೆ ಕಡೆ’ ಎಂದಷ್ಟೇ ಅರ್ಥ. ಇಂಥ ಸಾಕ್ಷಿ ಬಹುಮಟ್ಟಿಗೆ ಆರೋಪಿಯ ಹೆಂಡತಿಯೋ ತಮ್ಮನೋ ಗೆಳೆಯನೋ ಆಗಿರುತ್ತಾರೆ. ಮನುಷ್ಯ ತನ್ನ ಸಂಜೆಗಳನ್ನು ಕಳೆಯುವುದೇ ಅಂಥವರ ನಡುವೆ. ಆದರೂ ಆ ನಂಟನ್ನೇ ಮುಂದಿಟ್ಟು ಅವರ ಮಾತನ್ನು ಬದಿಗೆ ಸರಿಸುವುದು ಹಳೆಯ ರೂಢಿ.

ಈ ಅನುಮಾನಕ್ಕೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ ಘೋರ ಅಪರಾಧಗಳ ವಿಚಾರಣೆಯಲ್ಲಿ ಆರೋಪಿ ಪರ ಸಾಕ್ಷಿಗಳಿಗೆ ಪ್ರಮಾಣ ಮಾಡಿ ಹೇಳಿಕೆ ಕೊಡುವ ಅವಕಾಶ ದೊರೆತದ್ದು 1702ರಲ್ಲಿ. ಮುಂದಿನ ಎರಡೂವರೆ ಶತಮಾನಗಳಲ್ಲಿ ಪ್ರಾಸಿಕ್ಯೂಷನ್ನಿನ ದೂರು ಬೇರೆ ಬಗೆಯದಾಯಿತು: ವಿಚಾರಣೆಯ ಕೊನೆಯಲ್ಲಿ ದಿಢೀರನೆ ಅಲಿಬಿ ಎದ್ದುಬಂದರೆ ಅದನ್ನು ಪರಿಶೀಲಿಸಲು ಸಮಯವೇ ಇರುವುದಿಲ್ಲ ಎಂಬುದು. ದೂರಿನಲ್ಲಿ ಹುರುಳಿತ್ತು. 1967ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯು, ಪ್ರಕರಣ ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸಲ್ಪಟ್ಟ ಏಳು ದಿನಗಳೊಳಗೆ ಅಲಿಬಿಯ ವಿವರವನ್ನೂ ಸಾಕ್ಷಿಯ ಹೆಸರು, ವಿಳಾಸವನ್ನೂ ಕೊಡಬೇಕೆಂದು ವಿಧಿಸಿತು. ಸುಳ್ಳನ್ನು ತಡೆಯಲು ತಂದ ಈ ನಿಯಮದಿಂದ ನಿಜ ಹೇಳುವವನ ಮನೆಯ ವಿಳಾಸವೂ ಪೊಲೀಸರ ಕೈಸೇರಿತು.

ಅದರ ಪರಿಣಾಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ಗಿಲ್ಡ್‌ಫರ್ಡ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ಪೊಲೀಸರಿಗೆ ಆ ವಿಳಾಸ ಹುಡುಕುವ ಶ್ರಮವೂ ಬೇಕಾಗಲಿಲ್ಲ. 1974ರ ಅಕ್ಟೋಬರ್ 5ರ ರಾತ್ರಿ ಆ ಊರಿನ ಪಬ್‌ಗಳಲ್ಲಿ ಬಾಂಬ್ ಸಿಡಿದು ಐವರು ಸತ್ತರು. ಬಂಧಿತರಲ್ಲಿ 17 ವರ್ಷದ ಹುಡುಗಿಯೊಬ್ಬಳಿದ್ದಳು. ಆ ಸಂಜೆ ಅವಳು ಲಂಡನ್ನಿನ ಸೌತ್ ಬ್ಯಾಂಕ್ ಪಾಲಿಟೆಕ್ನಿಕ್‌ನಲ್ಲಿ ಸಂಗೀತ ಕೇಳುತ್ತಿದ್ದಳು. ವಾದ್ಯತಂಡದೊಂದಿಗೆ ತೆಗೆಸಿಕೊಂಡ ಫೋಟೊ ಕೂಡ ಇತ್ತು. ಜೊತೆಗಿದ್ದ ಗೆಳೆಯ, ಅವಳ ಬಂಧನದ ಸುದ್ದಿ ತಿಳಿದು, ಯಾರೂ ಕರೆಯದೆ ತಾನಾಗಿಯೇ ಪೊಲೀಸರ ಬಳಿ ಹೋಗಿ ಹೇಳಿಕೆ ಕೊಟ್ಟ. ಮುಂದೆ, ಆಗಷ್ಟೇ ಜಾರಿಗೆ ಬಂದಿದ್ದ ಭಯೋತ್ಪಾದನಾ ತಡೆ ಕಾಯ್ದೆಯಡಿ ಅವನನ್ನೇ ಬಂಧಿಸಲಾಯಿತು. ಬಂಧನದಲ್ಲಿದ್ದಾಗ ಅವನ ಹೇಳಿಕೆ ಬದಲಾಯಿತು. ವಿಚಾರಣೆಯಲ್ಲಿ ಅವನು ಮತ್ತೆ ಮೊದಲಿನ ಮಾತಿಗೇ ಮರಳಿದ. ಆದರೆ ಎರಡು ಬಗೆಯ ಹೇಳಿಕೆ ಕೊಟ್ಟ ಸಾಕ್ಷಿಯನ್ನು ನಂಬಿಸುವುದು ಯಾವ ವಕೀಲನಿಗೂ ಸುಲಭವಲ್ಲ. ಬಾಂಬ್ ಇಟ್ಟು ಕಾರಿನಲ್ಲಿ ವೇಗವಾಗಿ ಲಂಡನ್ನಿಗೆ ಬಂದಿರಬಹುದೆಂಬ ವಾದವೇ ಗೆದ್ದಿತು. ಇನ್ನೊಬ್ಬ ಆರೋಪಿ ಹಾಸ್ಟೆಲಿನಲ್ಲೇ ಇದ್ದನೆಂದು ಅಲ್ಲಿ ವಾಸವಿದ್ದವನೊಬ್ಬ ಕೊಟ್ಟ ಹೇಳಿಕೆ ಆರೋಪಿ ಪರ ವಕೀಲರ ಕೈಗೆ ತಲುಪಲೇ ಇಲ್ಲ. 1975ರಲ್ಲಿ ಶಿಕ್ಷೆಗೊಳಗಾದ ನಾಲ್ವರ ತೀರ್ಪು ರದ್ದಾದದ್ದು 1989ರಲ್ಲಿ.

ಒತ್ತಡ ಠಾಣೆಯಿಂದಲೇ ಬರಬೇಕೆಂದಿಲ್ಲ. ಅಲಿಬಿಯ ವಿವರವನ್ನು ಮುಂಚಿತವಾಗಿ ಕೊಡಬೇಕೆಂಬ ‘ಅಲಿಬಿ ನೋಟಿಸ್’ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1970ರಲ್ಲಿ ಎತ್ತಿಹಿಡಿಯಿತು. 1972ರಲ್ಲಿ ಅದರ ಮುಂದೆ ಬಂದ ಟೆಕ್ಸಾಸಿನ ಪ್ರಕರಣವೊಂದರಲ್ಲಿ (ಅದು ಕೊಲೆಯದಲ್ಲ, ಕಳವಿನದು) ಆರೋಪಿಯ ಏಕೈಕ ಸಾಕ್ಷಿಗೆ ನ್ಯಾಯಾಧೀಶರೇ ಸುಳ್ಳು ಸಾಕ್ಷ್ಯದ ಶಿಕ್ಷೆಯ ಬಗ್ಗೆ ಉದ್ದನೆಯ ಎಚ್ಚರಿಕೆ ಕೊಟ್ಟಿದ್ದರು. ಸಾಕ್ಷಿ ಬಾಯಿ ತೆರೆಯದೆ ಹಿಂದೆ ಸರಿದಿದ್ದ. ಆರೋಪಿಗೆ ಆಗಿದ್ದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಪ್ರಾಸಿಕ್ಯೂಷನ್ ಪರ ಸಾಕ್ಷಿಗೆ ಅಂಥ ಉಪನ್ಯಾಸ ಸಿಗುವುದು ಅಪರೂಪವೆಂಬುದನ್ನು ಇಲ್ಲಿ ಸೇರಿಸಬಹುದು.

ಭಾರತದಲ್ಲಿ ಇಕ್ಕಟ್ಟಿನ ಸ್ವರೂಪ ಬೇರೆ. ಇಲ್ಲಿ ಮುಂಚಿತ ನೋಟಿಸಿನ ಸಾಮಾನ್ಯ ನಿಯಮವಿಲ್ಲವಾದ್ದರಿಂದ ಅಲಿಬಿ ಸಾಕ್ಷಿ ಕಟಕಟೆ ಹತ್ತುವುದು ಪ್ರಾಸಿಕ್ಯೂಷನ್ ತನ್ನ ಸಾಕ್ಷಿಗಳನ್ನೆಲ್ಲ ಮುಗಿಸಿದ ಮೇಲೆ. ಆಗ ಪಾಟೀಸವಾಲಿನಲ್ಲಿ ಬರುವ ಪ್ರಶ್ನೆ ಗೊತ್ತಿರುವಂಥದ್ದೇ: ‘ಇಷ್ಟು ದಿನ ಪೊಲೀಸರಿಗೆ ಯಾಕೆ ಹೇಳಲಿಲ್ಲ?’ ಹೇಳಲು ಹೋದವರ ಹೇಳಿಕೆ ದೋಷಾರೋಪ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆಂಬ ಭರವಸೆ ಮಾತ್ರ ಇಲ್ಲ. ಆರೋಪಿ ಪರ ಸಾಕ್ಷಿಗಳನ್ನೂ ಸಮಾನವಾಗಿ ಕಾಣಬೇಕು, ಅವರನ್ನು ಅಪನಂಬುವ ಸಾಂಪ್ರದಾಯಿಕ ಪ್ರವೃತ್ತಿಯನ್ನು ನ್ಯಾಯಾಲಯಗಳು ಮೀರಬೇಕು ಎಂದು ಸುಪ್ರೀಂ ಕೋರ್ಟ್ 1981ರ ದೂಧ್ ನಾಥ್ ಪಾಂಡೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ತೀರ್ಪಿನಲ್ಲಿ, ಆರೋಪಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದನೆಂಬ ಅಲಿಬಿಯನ್ನು ಅದು ಒಪ್ಪಲಿಲ್ಲ.

ಇಂಗ್ಲೆಂಡಿನಲ್ಲಿ 2010ರಿಂದ ಒಂದು ಸಂಹಿತೆ ಜಾರಿಯಲ್ಲಿದೆ: ಆರೋಪಿ ಹೆಸರಿಸಿದ ಸಾಕ್ಷಿಯನ್ನು ಪೊಲೀಸರು ಮಾತಾಡಿಸಬೇಕಾದರೆ ಆ ಸಾಕ್ಷಿಯ ಒಪ್ಪಿಗೆ ಬೇಕು, ಸಾಕ್ಷಿ ಒಪ್ಪಿದರೆ ಆರೋಪಿಯ ವಕೀಲರೂ ಜೊತೆಗಿರಬಹುದು. ಇಲ್ಲಿ 1872ರ ಸಾಕ್ಷ್ಯ ಕಾಯ್ದೆಯ 11ನೇ ಕಲಮು ಕೊಟ್ಟಿದ್ದ ನಿದರ್ಶನದಲ್ಲಿ ಅಪರಾಧ ನಡೆದದ್ದು ಕಲ್ಕತ್ತದಲ್ಲಿ, ಆರೋಪಿ ಇದ್ದದ್ದು ಲಾಹೋರಿನಲ್ಲಿ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯ್ದೆಯ 9ನೇ ಕಲಮಿನಲ್ಲಿ ಅವು ಚೆನ್ನೈ ಮತ್ತು ಲಡಾಖ್ ಆಗಿವೆ. ಲಡಾಖಿನಲ್ಲಿ ಅವನನ್ನು ಕಂಡವರನ್ನು ಪೊಲೀಸರು ಹೇಗೆ ಮಾತಾಡಿಸಬೇಕೆಂಬ ಬಗ್ಗೆ ಅಂಥ ಪ್ರತ್ಯೇಕ ಸಂಹಿತೆ ಇಲ್ಲಿ ಇನ್ನೂ ಬಂದಿಲ್ಲ.